ಮುಟ್ಟುವ ಮೊದಲು ಕೈ ತೊಳೆಯುವವರು

ಲೋಕವೆಲ್ಲ ಕೆಲಸ ಮುಗಿದ ಮೇಲೆ ಕೈ ತೊಳೆದರೆ, ಪುಂಡಲೀಕ ಮಾಸ್ತರರು ಕೆಲಸಕ್ಕೆ ಕೈ ಹಾಕುವ ಮೊದಲೇ ತೊಳೆಯುತ್ತಾರೆ. ಇದು ಊಟದ ಮಾತಲ್ಲ, ಪೂಜೆಯ ಮಾತೂ ಅಲ್ಲ. ಕಂಪ್ಯೂಟರಿನ ಕೀಲಿಮಣೆ ಮುಟ್ಟುವ ಮೊದಲು, ಮಕ್ಕಳ ನೋಟುಬುಕ್ಕು ತೆರೆಯುವ ಮೊದಲು, ಬೇರೆಯವರ ಫೋನನ್ನು ಕೈಗೆ ತೆಗೆದುಕೊಳ್ಳುವ ಮೊದಲು ಅವರ ಕಣ್ಣು ನಲ್ಲಿಯನ್ನು ಹುಡುಕುತ್ತದೆ. ನಲ್ಲಿ ಇಲ್ಲವಾದರೆ ಒಂದು ತಂಬಿಗೆ ನೀರು ಕೇಳುತ್ತಾರೆ. ವರ್ಷದ ಹನ್ನೆರಡು ತಿಂಗಳೂ ಮೈಮೇಲಿರುವ ಅವರ ಬೂದುಬಣ್ಣದ ಕೋಟಿನ ಬಲಗಿಸೆಯಲ್ಲಿ ಪೆನ್ನು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಎಡಗಿಸೆಯಲ್ಲಿ ಮಾತ್ರ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ತುಂಡು ಸಾಬೂನು ಇದ್ದೇ ಇರುತ್ತದೆ.

ಹಾವೇರಿಯಲ್ಲಿ ಶಿಕ್ಷಕರಿಗೆ ಅಂತರ್ಜಾಲದ ಸಾಧನಗಳನ್ನು ಬಳಸಿ ಪಾಠ ಮಾಡುವುದನ್ನು ಹೇಳಿಕೊಡುವುದು ನನ್ನ ಉದ್ಯೋಗ. ರಾಣೆಬೆನ್ನೂರಿನ ಮನೆಯಿಂದ ದಿನವೂ ರೈಲಿನಲ್ಲಿ ಹೋಗಿಬರುವವನು ನಾನು. ನಡುವೆ ಬ್ಯಾಡಗಿ ನಿಲ್ದಾಣ ಬಂದಾಗ ಮೆಣಸಿನಕಾಯಿಯ ಘಾಟಿಗೆ ರೈಲುಡಬ್ಬಿಯ ಎಲ್ಲರೊಂದಿಗೆ ಸೀನಿ, ಮೂಗು ಒರೆಸಿಕೊಂಡು ಮುಂದೆ ಸಾಗುವುದನ್ನು ಬಿಟ್ಟರೆ ಆ ಊರಿನ ಜೊತೆ ನನಗೆ ಬೇರೆ ಸಂಬಂಧವಿರಲಿಲ್ಲ. ತರಬೇತಿಯ ಮೊದಲ ದಿನ ನಲವತ್ತು ಜನ ಶಿಕ್ಷಕರು ಕಂಪ್ಯೂಟರುಗಳ ಮುಂದೆ ಕುಳಿತ ಮೇಲೆ ಒಬ್ಬರು ಮಾತ್ರ ಎದ್ದು, ಸಾಬೂನಿನ ಡಬ್ಬಿ ಹಿಡಿದು ಹೊರಗೆ ಹೋಗಿ ಐದು ನಿಮಿಷ ಬಿಟ್ಟು ಬಂದಾಗ, ಇವರಾರೋ ಮಡಿಯ ಮನುಷ್ಯರಿರಬೇಕೆಂದು ಒಳಗೊಳಗೆ ನಕ್ಕೆ. ಚಹದ ವೇಳೆಯಲ್ಲಿ ತಡೆಯಲಾರದೆ ಕೇಳಿಯೂ ಬಿಟ್ಟೆ.

"ಮಡಿ ಏನಲ್ರಿ," ಎಂದರು. "ಬ್ಯಾಡಗಿಯವರು ನಾವು. ನಮ್ಮ ಕೈಯಾಗ ಏನ ಐತಿ ಅನ್ನೂದು ನಮಗ ಗೊತ್ತಾಗೂದಿಲ್ಲ. ಮುಟ್ಟಿಸಿಕೊಂಡವರಿಗೆ ಗೊತ್ತಾಗತೈತಿ."

ಆಮೇಲೆ ತಿಳಿದ ಕಥೆ ಇದು. ಅವರ ತಂದೆ ಫಕ್ಕೀರಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲರಾಗಿದ್ದವರು. ಶಾಲೆಯ ಸೂಟಿಯಲ್ಲಿ ಮಗನೂ ಅಪ್ಪನ ಜೊತೆ ಚೀಲ ಹೊರುತ್ತಿದ್ದ. ಒಂದು ಮಧ್ಯಾಹ್ನ ಮನೆಗೆ ಬಂದವನು ತೊಟ್ಟಿಲಲ್ಲಿದ್ದ ತಂಗಿಯ ಕಣ್ಣಿಗೆ ಅಂಟಿದ್ದ ಕಾಡಿಗೆಯನ್ನು ಅಕ್ಕರೆಯಿಂದ ಬೆರಳ ತುದಿಯಲ್ಲಿ ಒರೆಸಿದ. ಕೂಸು ಸಂಜೆಯವರೆಗೆ ಕಿರುಚಿತು. ಅವ್ವ ಮುತ್ತವ್ವ ಬೈಯಲಿಲ್ಲ, ಹೊಡೆಯಲೂ ಇಲ್ಲ. ಮಗನ ರಟ್ಟೆ ಹಿಡಿದು ಬಚ್ಚಲಿಗೆ ಕರೆದೊಯ್ದು ಹಂಡೆಯನ್ನು ತೋರಿಸಿದಳಂತೆ. ಕೂಸಿನ ಕಣ್ಣಿಗೆ ಏನೂ ಆಗಲಿಲ್ಲ. ಆದರೆ ಅಂದು ತೋರಿಸಿದ ಹಂಡೆ ಮಾಸ್ತರರ ಕಣ್ಣ ಮುಂದಿನಿಂದ ನಲವತ್ತು ವರ್ಷವಾದರೂ ಸರಿದಿಲ್ಲ.

ಹೊತ್ತ ಚೀಲವೂ ಅವರ ಮೈಯಿಂದ ಇಳಿದಿಲ್ಲವೆನ್ನಬೇಕು. ಎಡಭುಜ ಒಂದಿಷ್ಟು ತಗ್ಗು, ಕತ್ತು ಮುಂದಕ್ಕೆ ಬಾಗಿ ಸ್ಥಿರ, ಹೆಜ್ಜೆ ಗಿಡ್ಡವಾದರೂ ಒಂದೇ ಅಳತೆ. ನಡೆಯುವಾಗ ಅವರು ಪಕ್ಕಕ್ಕೆ ತಿರುಗಿ ನೋಡುವುದಿಲ್ಲ, ನೋಡಲೇಬೇಕಾದರೆ ಇಡೀ ದೇಹವನ್ನೇ ತಿರುಗಿಸುತ್ತಾರೆ. ಅವರ ಮಾತಿಗೂ ಅದೇ ನಡಿಗೆ. ಯಾರು ಏನು ಹೇಳಿದರೂ ಮೊದಲು "ಹೌದ್ರಿ" ಎನ್ನುತ್ತಾರೆ. ಒಪ್ಪಿದರೆಂದು ನಾವು ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ "ನಡಕ ಕೈ ಹಾಕಿ ನೋಡೂಣು" ಎನ್ನುತ್ತಾರೆ. ಪೇಟೆಯಲ್ಲಿ ಚೀಲದ ಮೇಲ್ಭಾಗದ ಕಾಯಿ ಯಾವತ್ತೂ ಕೆಂಪಾಗಿ, ನೀಟಾಗಿ ಇರುತ್ತದೆ. ತಿಳಿದವನು ಅದನ್ನು ನೋಡುವುದಿಲ್ಲ, ಚೀಲದ ನಡುವಿಗೆ ಮೊಣಕೈತನಕ ಕೈ ಇಳಿಸಿ ಒಂದು ಹಿಡಿ ತೆಗೆದು ನೋಡುತ್ತಾನೆ. ಮಾಸ್ತರರು ಜಗತ್ತಿನ ಸಕಲ ವಸ್ತುಗಳನ್ನೂ ಹಾಗೆಯೇ ನೋಡುವವರು.

ತರಬೇತಿಯ ಆ ಮೊದಲ ದಿನ ನಾನು ಬಿಚ್ಚಿಟ್ಟ ಚೀಲಗಳು, ಎಂದರೆ ಸಾಧನಗಳು, ಆರು. ಮಕ್ಕಳ ಬರಹ ಪ್ರಕಟಿಸುವುದಕ್ಕೆ ಬ್ಲಾಗಿನಂಥವು ಮೂರು, ತರಗತಿಯ ಚರ್ಚೆಗೆ ಬರುವಂಥವು ಮೂರು. ಒಂದೊಂದರ ಅಂದಚಂದವನ್ನು ಪರದೆಯ ಮೇಲೆ ತೋರಿಸುತ್ತ, ಬಣ್ಣ ಹೀಗೆ ಬದಲಿಸಬಹುದು, ಚಿತ್ರ ಹೀಗೆ ಹಾಕಬಹುದು, ಲೋಕದ ಯಾವ ಮೂಲೆಯವರೂ ಓದಬಹುದು ಎಂದು ನಾನು ಹೇಳುತ್ತ ಹೋದಂತೆ ಉಳಿದವರು ತಲೆದೂಗಿದರು. ಮಾಸ್ತರರು ಕೈ ಎತ್ತಿದರು.

"ಇದರಾಗ ಮೊದಲ ಬರದವನ ಮಾತು ಉಳಿದವರಿಗೆ ಕಾಣತೈತೇನ್ರಿ?"

ಕಾಣದೆ ಮತ್ತೇನು, ಚರ್ಚೆಯೆಂದರೆ ಅದೇ ಅಲ್ಲವೇ ಎಂದೆ.

"ಹೌದ್ರಿ. ಆದ್ರ ನಮ್ಮ ವರ್ಗದಾಗ ಮೊದಲ ಬರಿಯೂ ಹುಡುಗ ಒಬ್ಬನ. ಅವಾ ಬರದದ್ದನ್ನ ನೋಡಿ ಉಳಿದ ಮೂವತ್ತೇಳು ಮಂದಿ 'ನನ್ನ ಅಭಿಪ್ರಾಯವೂ ಇದೇ' ಅಂತಾರ. ಟೆಂಡರ್ ಹಾಕಿದಂಗ ಹಾಕಾಕ ಬರತೈತೇನು, ಅದನ್ನ ಹೇಳ್ರಿ."

ಸಭೆ ನಕ್ಕಿತು. ನಾನೂ ನಕ್ಕೆ. ಮಾಸ್ತರರು ನಗಲಿಲ್ಲ, ನಿಂತಲ್ಲೇ ಇಡೀ ದೇಹವನ್ನು ಸಭೆಯತ್ತ ತಿರುಗಿಸಿ, ಪೇಟೆಯ ಪದ್ಧತಿಯನ್ನು ವಿವರಿಸಿದರು. ಪೇಟೆಯ ದಿನ ರೈತರ ಚೀಲಗಳು ಬಾಯಿ ಬಿಚ್ಚಿಕೊಂಡು ಸಾಲಾಗಿ ನಿಂತಿರುತ್ತವೆ. ಖರೀದಿದಾರರು ಒಬ್ಬೊಬ್ಬರಾಗಿ ಬಂದು ಕೈ ಹಾಕಿ ನೋಡಿ, ತಮಗೆ ತೋಚಿದ ದರವನ್ನು ಗುಟ್ಟಾಗಿ ಬರೆಯುತ್ತಾರೆ. ಒಬ್ಬನು ಬರೆದದ್ದು ಇನ್ನೊಬ್ಬನಿಗೆ ಕಾಣುವುದಿಲ್ಲ. ಎಲ್ಲರೂ ಬರೆದಾದ ಮೇಲೆ ಬಹಿರಂಗ. ಅದಾದ ಮೇಲೂ ಚೀಲದ ಒಡೆಯ ಒಲ್ಲೆ ಎಂದರೆ ಮುಗಿಯಿತು, ಅವನ ಕಾಯಿಯನ್ನು ಯಾರೂ ಮುಟ್ಟುವ ಹಾಗಿಲ್ಲ. "ದಡ್ಡ ವ್ಯಾಪಾರಿನೂ ಅಲ್ಲಿ ತನ್ನ ಕಣ್ಣಿಲೆ ನೋಡಬೇಕಾಗತೈತ್ರಿ. ಮಂದಿ ಕಣ್ಣಿಲೆ ನೋಡಾಕ ಬರೂದಿಲ್ಲ," ಎಂದು ಹೇಳಿ ಕುಳಿತರು.

ಆರರಲ್ಲಿ ಒಂದಕ್ಕೆ ಆ ಗುಣವಿತ್ತು. ನೋಡಲು ಎಲ್ಲಕ್ಕಿಂತ ಬಡಕಲಾದ, ಬಣ್ಣಬೆಡಗಿಲ್ಲದ, ನಾನು ಪಟ್ಟಿಯ ಕೊನೆಗೆ ಲೆಕ್ಕಕ್ಕೆಂದು ಸೇರಿಸಿದ್ದ ಒಂದು ಚರ್ಚಾವೇದಿಕೆ. ತನ್ನ ಉತ್ತರ ಬರೆಯುವ ತನಕ ಇತರರ ಉತ್ತರ ಕಾಣದಂತೆ ಅದರಲ್ಲಿ ಕಟ್ಟುಮಾಡಬಹುದಾಗಿತ್ತು. ಐದು ವರ್ಷ ಅದನ್ನು ಕಲಿಸಿದ ನನಗೆ ಆ ಗುಣದ ಉಪಯೋಗ ಗೊತ್ತಿರಲಿಲ್ಲ. ಒಂದು ಫೋನು ನಾಲ್ಕು ಮಕ್ಕಳಿಗೆ ಸಾಲುತ್ತದೆಯೇ, ಕರೆಂಟು ಹೋದರೆ ಬರೆದದ್ದು ಉಳಿಯುತ್ತದೆಯೇ, ಬರೆದದ್ದನ್ನು ಬರೆದವರೇ ವಾಪಸು ತೆಗೆಯಬಹುದೇ ಎಂದು ಇನ್ನೂ ಮೂರು ಸಲ ನಡುವಿಗೆ ಕೈ ಹಾಕಿ ನೋಡಿ, ಅವರು ಅದನ್ನೇ ಆರಿಸಿಕೊಂಡು ಹೋದರು. ಅಂದು ಸಂಜೆ ರೈಲಿನಲ್ಲಿ ಬ್ಯಾಡಗಿ ಬಂದಾಗ ಎಲ್ಲರೂ ಸೀನಿದರು. ನಾನು ಸೀನಿ, ಕಿಟಕಿಯಿಂದ ಆ ಊರನ್ನು ಮೊದಲ ಸಲ ನೋಡಿದೆ.

ಅವರ ಶಾಲೆ ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ದಾರಿಯಲ್ಲಿದೆ. ಡಿಸೆಂಬರಿನಲ್ಲಿ ಒಮ್ಮೆ ಹೋದೆ. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಒಂದು ಬಕೆಟ್ಟು ನೀರು, ಒಂದು ಚೊಂಬು. ಹತ್ತನೆಯ ತರಗತಿಯ ಮಕ್ಕಳು ಸಾಲಾಗಿ ಕೈ ತೊಳೆದು ಒಳಗೆ ಹೋಗುತ್ತಿದ್ದರು. ಕೆಲಸ ಮಾಡುವ ಕಂಪ್ಯೂಟರುಗಳು ನಾಲ್ಕೇ. ಆ ವಾರದ ಪ್ರಶ್ನೆ: ನಿಮ್ಮ ಮನೆಯಲ್ಲಿ ದಿನವೂ ನಡೆಯುವ, ಯಾರೂ ಹೊಗಳದ ಕೆಲಸ ಯಾವುದು? ಉತ್ತರಗಳೆಲ್ಲ ಬಿದ್ದಾದ ಮೇಲೆ ಮಾಸ್ತರರು ಪರದೆ ತೆರೆದರು. ಅಜ್ಜಿ ದಿನಾ ಬೆಳಿಗ್ಗೆ ಎಮ್ಮೆಯ ಕಿವಿಯೊಳಗಿನ ಉಣ್ಣೆಹುಳು ಆರಿಸುವುದನ್ನು ಒಬ್ಬ ಬರೆದಿದ್ದ. ಕೋಲ್ಡ್ ಸ್ಟೋರೇಜಿನಲ್ಲಿ ದುಡಿಯುವ ಅಣ್ಣ ಸುಡುಬೇಸಿಗೆಯಲ್ಲೂ ಸ್ವೆಟರ್ ಒಗೆದು ಒಣಹಾಕುವುದನ್ನು ಒಬ್ಬಳು ಬರೆದಿದ್ದಳು. ಮೂವತ್ತೆಂಟು ಉತ್ತರ, ಮೂವತ್ತೆಂಟು ಮನೆ. ಇಪ್ಪತ್ತು ವರ್ಷ ಪಾಠದ ಕೋಣೆಗಳನ್ನು ಕಂಡಿದ್ದೇನೆ. ಇಷ್ಟು ಕಣ್ಣುಗಳು ಒಂದೇ ಕೋಣೆಯಲ್ಲಿ ಬೇರೆ ಬೇರೆಯಾಗಿ ತೆರೆದದ್ದನ್ನು ನಾನು ಕಂಡಿರಲಿಲ್ಲ.

ಅವುಗಳಲ್ಲಿ ಒಂದು ಅಫ್ರೀನ್ ಎಂಬ ಹುಡುಗಿಯದು, ಶೀರ್ಷಿಕೆ 'ಅಮ್ಮಿಯ ಬೆರಳು'. ತರಗತಿಯಲ್ಲಿ ಹೆಸರು ಕೂಗಿದರೆ ಹಾಜರಿ ಹೇಳಲೂ ನಾಚುವವಳು. ಅವಳ ತಾಯಿ ಗುಲಾಬಬಿ ಪೇಟೆಯಲ್ಲಿ ತುಂಬು ಬಿಡಿಸುವ, ಎಂದರೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸದವಳು. ಇಪ್ಪತ್ತು ವರ್ಷ ತೊಟ್ಟು ಮುರಿದು ಬೆರಳ ಗೆರೆಗಳೆಲ್ಲ ಸವೆದುಹೋಗಿ, ಪಡಿತರ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತು ಹಿಡಿಯುವುದಿಲ್ಲ; ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿಸಿ, ಹಿಂದೆ ನಿಂತವರು ಗೊಣಗಿ, ಕಡೆಗೆ ನಾಳೆ ಬಾ ಎನ್ನುತ್ತಾರೆ. ಅವಳು ನಾಳೆ ಹೋಗುತ್ತಾಳೆ. ಇಷ್ಟನ್ನು ಹುಡುಗಿ ಒಂದೂವರೆ ಪುಟದಲ್ಲಿ, ಕಣ್ಣೀರಿನ ಒಂದು ಹನಿಯನ್ನೂ ಚೆಲ್ಲದೆ ಬರೆದು, ಕೊನೆಗೆ ಮೂರು ವಾಕ್ಯ ಸೇರಿಸಿದ್ದಳು. ಆ ಮೂರು ವಾಕ್ಯಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದನ್ನು ತರಗತಿಯ ನಾಲ್ಕು ಗೋಡೆಯೊಳಗೆ ಮುಚ್ಚಿಡುವುದು ಪಾಪ ಎಂದವನು ನಾನು. ಶಾಲೆಗೊಂದು ಜಾಲಪತ್ರಿಕೆ ಮಾಡಿ, ಎಲ್ಲರೂ ಓದುವಂತೆ ತೆರೆದಿಡಿ ಎಂದು ಒತ್ತಾಯಿಸಿದವನು ನಾನು. ಮಾಸ್ತರರು "ಹೌದ್ರಿ" ಎಂದು, ಎಂದಿನಂತೆ ತಡೆದು, "ಕೇಳಬೇಕಲ್ರಿ" ಎಂದರು. ಅಫ್ರೀನಳನ್ನು ಕರೆದು ಕೇಳಿದರು. ಅವಳು ಹೂಂ ಎಂದಳು. ಜನವರಿಯಲ್ಲಿ 'ಘಾಟು' ಎಂಬ ಹೆಸರಿನ ಪತ್ರಿಕೆ ಹೊರಬಂತು. ನಾನು ಸುಮ್ಮನಿರಲಿಲ್ಲ. ಆ ಪುಟದ ಚಿತ್ರ ತೆಗೆದು, ಮೇಲೆ 'ಬೆರಳಿಲ್ಲದ ತಾಯಿ' ಎಂದು ನನ್ನದೇ ಒಂದು ತಲೆಬರಹ ಕೊಟ್ಟು, ನನ್ನ ಫೋನಿನ ನಾಲ್ಕು ಗುಂಪುಗಳಿಗೆ ಕಳಿಸಿದೆ. ನೂರಾರು ಜನ ಕೈಮುಗಿದರು, ಕಣ್ಣೀರಿಟ್ಟರು. ಹೊಗಳಿಕೆಯಲ್ಲಿ ಅರ್ಧ ಪಾಲು ನನಗೂ ಬಂತು, ಸುಳ್ಳೇಕೆ ಹೇಳಲಿ, ಹಿತವಾಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಾವೇರಿಯಿಂದ ಹೊರಟ ಆ ಚಿತ್ರ ಹತ್ತು ದಿನದಲ್ಲಿ ಬ್ಯಾಡಗಿಯ ಪೇಟೆಗೆ ಬಂದು ಮುಟ್ಟಿತು. ತುಂಬು ಬಿಡಿಸುವ ಹೆಂಗಸರ ನಡುವೆ ಯಾರೋ ಅದರ ತಲೆಬರಹವನ್ನಷ್ಟೇ ಗಟ್ಟಿಯಾಗಿ ಓದಿದರು. ಪಡಿತರ ಅಂಗಡಿಯ ಸಾಲಿನಲ್ಲಿ "ಬೆರಳಿಲ್ಲದಾಕಿ ಬಂದ್ಲು, ದಾರಿ ಬಿಡ್ರಿ" ಎಂದು ಯಾರೋ ನಕ್ಕರು. ಓದು ಬಾರದ ಗುಲಾಬಬಿ, ತನ್ನ ಮಗಳು ತನ್ನ ಬಗ್ಗೆ ಏನೋ ಬರೆದಿದ್ದಾಳೆ, ಅದನ್ನು ಓದಿ ಊರು ನಗುತ್ತಿದೆ ಎಂಬಷ್ಟನ್ನೇ ತಿಳಿದು ಮನೆಗೆ ಬಂದಳು. ಮರುದಿನದಿಂದ ಅಫ್ರೀನ್ ಶಾಲೆಗೆ ಬರಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಗೆ ಆರು ವಾರವಿತ್ತು. ಮುಖ್ಯೋಪಾಧ್ಯಾಯಿನಿ ನಿರ್ಮಲಾ ಅವರು ಮನೆಗೆ ಹೋದರೆ ಗುಲಾಬಬಿ ಬಾಗಿಲಲ್ಲೇ ನಿಂತು, "ಸಾಲಿ ಕಲಿಸಿದ್ದು ಸಾಕ್ರಿ ಬಾಯಾರ. ರಾಣೆಬೆನ್ನೂರಾಗ ನಮ್ಮ ತಂಗಿ ಮನ್ಯಾಗ ಹೊಲಿಗಿ ಕಲಿಯಾಕ ಕಳಸ್ತೇನಿ," ಎಂದಳಂತೆ.

ಸುದ್ದಿ ತಿಳಿದು ನಾನು ಓಡಿಹೋದಾಗ ಮಾಸ್ತರರು ಆ ಬರಹವನ್ನು ಆಗಲೇ ಯಾರಿಗೂ ಕಾಣದಂತೆ ಮರೆಮಾಡಿದ್ದರು. ಅಳಿಸಿರಲಿಲ್ಲ. ಅದೇಕೆಂದು ಕೇಳಿದೆ. ಅವರು ನನಗಲ್ಲ, ಎದುರಿನ ಗೋಡೆಗೆ ಹೇಳಿದಂತೆ ಹೇಳಿದರು: "ಚೀಲ ತಂದಾಕಿನ್ನ ಕೇಳಿದೆ. ಚೀಲ ಯಾರದು ಅಂತ ಕೇಳಲಿಲ್ಲ."

ಮರುದಿನದಿಂದ ಅವರು ಒಂದು ಕೆಲಸ ಹಿಡಿದರು. ಶಾಲೆ ಬಿಟ್ಟ ಮೇಲೆ, ಭಾನುವಾರವಾದರೆ ಬೆಳಗಿನಿಂದ, ಆ ಚಿತ್ರ ಯಾರ ಯಾರ ಫೋನಿನಲ್ಲಿದೆಯೆಂದು ಗೊತ್ತಾಯಿತೋ ಅವರ ಮನೆಗೆ ನಡೆದುಹೋಗಿ, ಅಳಿಸಿರೆಂದು ಕೇಳುವುದು. ಎಡಭುಜ ತಗ್ಗಿಸಿ, ಕತ್ತು ಮುಂದೆ ಬಾಗಿಸಿ, ಕೋಟಿನ ಕಿಸೆಯಲ್ಲಿ ಸಾಬೂನು ಇಟ್ಟುಕೊಂಡು ಅವರು ಹೊರಡುತ್ತಿದ್ದರು. ಎರಡು ಭಾನುವಾರ ನಾನೂ ಜೊತೆಗೆ ಹೋದೆ. ಬಾಗಿಲಲ್ಲಿ ನಿಂತು ಮೊದಲು ಒಂದು ತಂಬಿಗೆ ನೀರು ಕೇಳಿ ಕೈ ತೊಳೆಯುವರು, ಅನಂತರ ವಿಷಯ ಹೇಳುವರು, ಅಳಿಸಿದ್ದನ್ನು ಕಣ್ಣಾರೆ ನೋಡುವರು, ಕೊನೆಗೆ ಒಂದೇ ಪ್ರಶ್ನೆ ಕೇಳುವರು: "ನಿಮಗ ಯಾರು ಕಳಿಸಿದ್ರು?" ಅವರು ಹೇಳಿದ ಹೆಸರು ಮುಂದಿನ ಮನೆ.

ಒಬ್ಬರ ಅಳಿಯ ಕುಮಾರಪಟ್ಟಣದ ಕಾರ್ಖಾನೆಯಲ್ಲಿದ್ದ. ಬಸ್ಸು ಹಿಡಿದು ಅಲ್ಲಿಗೆ ಹೋಗಿ, ಆತನ ಪಾಳಿ ಮುಗಿಯುವ ತನಕ ಗೇಟಿನ ಎದುರಿನ ಚಹದಂಗಡಿಯಲ್ಲಿ ಎರಡು ತಾಸು ಕಾದರು. ದಲಾಲಿ ಅಂಗಡಿಯ ವಿಜಯಮಹಾಂತೇಶ ಎಂಬುವರು ಗಾದಿಗೆ ಒರಗಿ ಕುಳಿತು ನಕ್ಕರು. "ಮಾಸ್ತರ, ಸಾವಿರಾರು ಮಂದಿ ಫೋನಿಗೆ ಹೋಗೇತಿ. ನಾ ಒಬ್ಬಾಂವ ಅಳಿಸಿದ್ರ ಏನಾತು?"

"ಆ ಸಾವಿರ ಮಂದಿ ನನಗ ಗೊತ್ತಿಲ್ರಿ," ಎಂದರು ಮಾಸ್ತರರು. "ಗೊತ್ತಿದ್ದವರ ಕಡೆ ಬಂದೇನಿ."

ವಿಜಯಮಹಾಂತೇಶರು ಒಂದು ಕ್ಷಣ ಅವರನ್ನು ನೋಡಿ, ನಗು ಬಿಟ್ಟು, ಫೋನು ತೆಗೆದರು. ಅಳಿಸಿದ್ದಲ್ಲದೆ ತಮ್ಮ ಅಂಗಡಿಯ ಗುಂಪಿನಲ್ಲಿ ಎಲ್ಲರೂ ಅಳಿಸಬೇಕೆಂದು ಬರೆದೂ ಬರೆದರು.

ನನ್ನ ಸಂಕಟ ಬೇರೆಯೇ ಇತ್ತು. ಯಾರು ಕಳಿಸಿದರು ಎಂಬ ಪ್ರಶ್ನೆ ಮನೆಯಿಂದ ಮನೆಗೆ, ಬ್ಯಾಡಗಿಯಿಂದ ರಾಣೆಬೆನ್ನೂರಿಗೆ, ಅಲ್ಲಿಂದ ಹಾವೇರಿಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಿತ್ತು, ಅದು ಎಲ್ಲಿ ಹೋಗಿ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಎರಡನೆಯ ಭಾನುವಾರ, ಹಿಂತಿರುಗುವ ಬಸ್ಸಿನಲ್ಲಿ, ಆ ತಲೆಬರಹ ನನ್ನದೆಂದು ಹೇಳಿಬಿಟ್ಟೆ. ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು.

"ಗೊತ್ತಿತ್ರಿ," ಎಂದರು. "ನೀವ ಹೇಳ್ಲಿ ಅಂತ ಬಿಟ್ಟಿದ್ದೆ."

ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಗುಲಾಬಬಿಯ ಬಳಿಗೆ ಅವರು ಹೋದದ್ದು ಎಲ್ಲರ ಮನೆ ಮುಗಿದ ಮೇಲೆ. ಮನೆಗಲ್ಲ, ಪೇಟೆಗೆ. ಆಳೆತ್ತರದ ಕಾಯಿಯ ರಾಶಿಯ ಪಕ್ಕದಲ್ಲಿ, ಮೂಗಿಗೆ ಸೆರಗು ಕಟ್ಟಿಕೊಂಡ ಇಪ್ಪತ್ತು ಹೆಂಗಸರು ಸುತ್ತುಗಟ್ಟಿ ಕುಳಿತಿದ್ದರು. ಮಾಸ್ತರರು ಕೋಟು ಬಿಚ್ಚಿ ಮಡಚಿ ಪಕ್ಕಕ್ಕಿಟ್ಟರು. ಅವರು ಕೋಟು ಬಿಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೆಂಗಸರ ಸಾಲಿನ ಕೊನೆಗೆ ನೆಲದ ಮೇಲೆ ಕುಳಿತು ತುಂಬು ಬಿಡಿಸತೊಡಗಿದರು. ಹಮಾಲರ ಮಗನ ಬೆರಳು ಮರೆತಿರಲಿಲ್ಲ. ತೊಟ್ಟು ಒಂದು ಕಡೆ, ಕಾಯಿ ಒಂದು ಕಡೆ ಲಗೂನೆ ಬೀಳುತ್ತಿದ್ದವು. ನಾನು ಸೀನುತ್ತ ದೂರ ನಿಂತೆ. ಒಂದು ತಾಸಿನ ಮೇಲೆ ಗುಲಾಬಬಿಯೇ ಮಾತಾಡಿದಳು.

"ಯಾಕ ಬಂದೀರಿ ಹೇಳ್ರಿ ಮಾಸ್ತರ."

"ತಪ್ಪು ಮಾಡೇನವಾ. ನಿನ್ನ ಕೇಳಬೇಕಾಗಿತ್ತು, ಕೇಳಲಿಲ್ಲ."

ಅವಳು ಇನ್ನೊಂದು ತೊಟ್ಟು ಮುರಿದಳು.

"ನಿನ್ನ ಮಗಳು ಬರದದ್ದು ನೀ ಕೇಳಿಯೇನು?"

"ಮಂದಿ ಅಂದದ್ದು ಕೇಳೇನಿ."

"ಮಂದಿ ಬ್ಯಾರೆ. ಆಕಿ ಬರದದ್ದು ಬ್ಯಾರೆ ಐತಿ. ಓದಲೇನು?"

ಉಳಿದ ಹೆಂಗಸರ ಕೈಗಳು ನಿಂತವು. ಗುಲಾಬಬಿ ಬನ್ನಿ ಎಂಬಂತೆ ತಲೆಯಾಡಿಸಿ, ಎದ್ದು ಅಂಗಳದ ಮೂಲೆಯ ನೀರಿನ ತೊಟ್ಟಿಯ ಕಡೆಗೆ ನಡೆದಳು. ಮಾಸ್ತರರು ಕೋಟನ್ನು ಎತ್ತಿಕೊಂಡು ಹಿಂದೆ ಹೋಗಿ, ಕೈ ತೊಳೆದುಕೊಂಡು ಫೋನು ತೆಗೆದು, ಉಳಿದ ಹೆಂಗಸರಿಗೆ ಕೇಳದಷ್ಟು ತಗ್ಗಿದ ದನಿಯಲ್ಲಿ ಓದಿದರು. ಸೆರಗು ಮೂಗಿಗೆ ಕಟ್ಟಿದ್ದರಿಂದ, ನಾಲ್ಕು ಹೆಜ್ಜೆ ಹಿಂದೆ ನಿಂತ ನನಗೆ ಅವಳ ಮುಖ ಕಾಣುತ್ತಿರಲಿಲ್ಲ. ಕೊನೆಯ ಮೂರು ವಾಕ್ಯಗಳಿಗೆ ಬಂದಾಗ ಅವಳು ತೊಟ್ಟಿಯ ಅಂಚನ್ನು ಹಿಡಿದುಕೊಂಡಳು.

"ಮತ್ತೊಮ್ಮೆ ಓದ್ರಿ," ಎಂದಳು. ಮಾಸ್ತರರು ಕೊನೆಯದನ್ನು ಮತ್ತೊಮ್ಮೆ ಓದಿದರು. ಅನಂತರ ಅಳಿಸುವ ಗುಂಡಿಯನ್ನು ತೋರಿಸಿದರು. "ಯಾರಿಗೂ ಕಾಣದಂಗ ಮುಚ್ಚೇನಿ, ಅಳಿಸಿಲ್ಲ. ಅಳಸೂದು ನನ್ನ ಹಕ್ಕಲ್ಲ, ನಿಂದು. ಇರಲಿ ಅಂದ್ರ ಇರತೈತಿ. ಒಲ್ಲೆ ಅಂದ್ರ ಇಲ್ಲಿ ಒತ್ತು."

ಈ ಒಲ್ಲೆ ಎಂಬ ಮಾತು ಪೇಟೆಯ ಮಾತು, ಚೀಲದ ಒಡೆಯನ ಮಾತು. ಗುಲಾಬಬಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಹೆಬ್ಬೆಟ್ಟು ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಒಣಗಿ ಗಟ್ಟಿಯಾದ ಆ ಬೆರಳು ಫೋನಿನ ಗಾಜಿಗೂ ತಿಳಿಯಲಿಲ್ಲ. ಅವಳು ಕೈ ಹಿಂದೆಗೆದುಕೊಂಡು, ಪಡಿತರ ಅಂಗಡಿಯಲ್ಲಿ ನಿಲ್ಲುತ್ತಿದ್ದ ಹಾಗೆ, ತಪ್ಪು ತನ್ನದೇ ಎಂಬಂತೆ ನಿಂತಳು. ನಾನು ಒತ್ತಿಕೊಡಲೇ ಎಂದು ಮುಂದೆ ಬಂದೆ. ಮಾಸ್ತರರು ನನ್ನನ್ನು ಕಣ್ಣಲ್ಲೇ ತಡೆದು, ಕೋಟಿನ ಕಿಸೆಯಿಂದ ಸಾಬೂನಿನ ಡಬ್ಬಿ ತೆಗೆದು, ತೆರೆದು ಅವಳ ಮುಂದೆ ಹಿಡಿದರು. ತಾವೇ ಚೊಂಬಿನಿಂದ ನೀರು ಹಾಕಿದರು. ಇಪ್ಪತ್ತು ವರ್ಷದ ಕೆಂಪು ಒಂದು ಸಾಬೂನಿಗೆ ಹೋಗುವುದಿಲ್ಲ, ಆದರೂ ಅವಳು ನಿಧಾನವಾಗಿ, ಬೆರಳು ಬೆರಳನ್ನೂ ತೊಳೆದಳು. "ಒರಸಬ್ಯಾಡ. ಹಸಿ ಇರ್ಲಿ," ಎಂದರು ಮಾಸ್ತರರು. ಅವಳು ಹಸಿ ಹೆಬ್ಬೆಟ್ಟನ್ನು ಗಾಜಿನ ಮೇಲೆ ಇಟ್ಟಳು.

ಫೋನು ಈ ಸಲ ಗುರುತು ಹಿಡಿಯಿತು. ಬರಹ ಹೋಯಿತು.

"ಇದನ್ನ ನಾ ಕೇಳೇನಿ, ಸಾಕು," ಎಂದಳು ಗುಲಾಬಬಿ. "ಮಂದಿಗೆ ಯಾಕ. ಇದು ನಂದು." ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳಲು ಹೋಗಿ, ಸೆರಗಿಗೆ ಘಾಟು ಹತ್ತಿದೆಯೆಂದು ನೆನಪಾಗಿ, ತೊಳೆದ ಕೈಯಿಂದಲೇ ಒರೆಸಿಕೊಂಡಳು. "ಸೋಮಾರ ಕಳಸ್ತೇನ್ರಿ ಆಕಿನ್ನ."

ನನ್ನೊಳಗಿನ ಸಾಹಿತ್ಯಪ್ರೇಮಿ ಅಷ್ಟರಲ್ಲಿ ಅಳುತ್ತಿದ್ದ. ಅಂಥ ಬರಹ ಹಾಗೆ ಇಲ್ಲವಾಗಬಹುದೇ, ಮಾಸ್ತರರು ಒಂದು ಪ್ರತಿಯನ್ನಾದರೂ ಇಟ್ಟುಕೊಂಡಿರಬಹುದೇ ಎಂದು ಯೋಚಿಸುತ್ತಿದ್ದೆ. ಅವರು ಇಟ್ಟುಕೊಂಡಿರಲಿಲ್ಲ. ಇಡೀ ದೇಹವನ್ನು ನನ್ನ ಕಡೆಗೆ ತಿರುಗಿಸಿ, ಒದ್ದೆ ಸಾಬೂನಿನ ಡಬ್ಬಿಯನ್ನು ಚಾಚಿದರು.

"ಸಾಹೇಬ್ರ, ನಿಮ್ಮ ಫೋನಿನ್ಯಾಗೂ ಐತಲ್ರಿ."

ಅವರ ಪಟ್ಟಿಯ ಕೊನೆಯ ಮನೆ ನನ್ನದಾಗಿತ್ತು. ಇಪ್ಪತ್ತು ಹೆಂಗಸರು ನೋಡುತ್ತಿರುವಂತೆ ತೊಟ್ಟಿಯ ಬಳಿ ಬಗ್ಗಿ ಕೈ ತೊಳೆದೆ. ಮುಟ್ಟುವ ಮೊದಲು ನಾನು ಕೈ ತೊಳೆದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಅಳಿಸಿ, ಅಳಿಸಿದ್ದನ್ನು ಗುಲಾಬಬಿಗೆ ತೋರಿಸಿದೆ. ಅವಳು ನೋಡಿ ತಲೆಯಾಡಿಸಿ ಕೆಲಸಕ್ಕೆ ಹೋದಳು.

ಅಫ್ರೀನ್ ಪರೀಕ್ಷೆ ಬರೆದು ಪಾಸಾಗಿ, ಈಗ ಬ್ಯಾಡಗಿಯಲ್ಲೇ ಕಾಲೇಜಿಗೆ ಹೋಗುತ್ತಿದ್ದಾಳೆ. 'ಘಾಟು' ನಿಲ್ಲಲಿಲ್ಲ. ಈಗ ಅದರಲ್ಲಿ ಯಾರ ಬಗ್ಗೆ ಬರೆದದ್ದೋ ಅವರಿಗೆ ಓದಿ ಕೇಳಿಸಿ, ಅವರು ಹೂಂ ಎಂದ ಮೇಲೆಯೇ ಬರಹ ತೆರೆಯುತ್ತದೆ. ಎಮ್ಮೆಯ ಉಣ್ಣೆ ಆರಿಸುವ ಅಜ್ಜಿ ಎರಡು ಸಲ ಓದಿಸಿ ಒಂದು ತಿದ್ದುಪಡಿಯನ್ನೂ ಹೇಳಿದಳಂತೆ. 'ಅಮ್ಮಿಯ ಬೆರಳು' ಇದ್ದ ಜಾಗವನ್ನು ಮಾಸ್ತರರು ತುಂಬಿಲ್ಲ. 'ಇದರ ಒಡೆಯರು ಇದನ್ನು ಹಿಂದಕ್ಕೆ ಪಡೆದಿದ್ದಾರೆ' ಎಂಬ ಒಂದು ಸಾಲು ಅಲ್ಲಿದೆ. ನನ್ನ ತರಬೇತಿಯಲ್ಲಿ ಈಗ ಸಾಧನಗಳ ಪಟ್ಟಿಗಿಂತ ಮೊದಲು ಆ ಖಾಲಿ ಪುಟವನ್ನು ತೋರಿಸುತ್ತೇನೆ.

ಈ ಬರಹವನ್ನೂ ಅಚ್ಚಿಗೆ ಕೊಡುವ ಮೊದಲು ಗುಲಾಬಬಿಯ ಮನೆಗೆ ಹೋಗಿ ಓದಿ ಹೇಳಿದೆ. ಹೆಸರು ಇರಲಿ ಎಂದಳು. ಯಂತ್ರದ ಮಾತೂ ಇರಲಿ, ಸಾಲಿನಲ್ಲಿ ನಕ್ಕವರ ಮಾತೂ ಇರಲಿ, ಅವರೂ ಓದಲಿ ಎಂದಳು. ಮಗಳ ಆ ಮೂರು ವಾಕ್ಯಗಳು ನನಗೆ ಬಾಯಿಪಾಠವಾಗಿದ್ದವು, ಇಲ್ಲಿ ಬರೆದೂ ಇದ್ದೆ. ಅವು ಬಂದ ಕೂಡಲೇ ಕೈ ಎತ್ತಿ, "ಅದನ್ನ ಬಿಡ್ರಿ," ಎಂದಳು. ಬಿಟ್ಟಿದ್ದೇನೆ.

ಪುಂಡಲೀಕ ಮಾಸ್ತರರಂಥವರು ಊರಿಗೊಬ್ಬರಾದರೂ ಇರುತ್ತಾರೆಂದು ನಾನು ನಂಬಿದ್ದೇನೆ. ಹೊಸದನ್ನು ಕಂಡು ಹೆದರುವವರಲ್ಲ ಅವರು, ಮುಗಿಬೀಳುವವರೂ ಅಲ್ಲ. ತಮ್ಮ ಕೈಯ ಬಗ್ಗೆ ಅವರಿಗೆ ಒಂದು ಸಂಶಯವಿರುತ್ತದೆ. ಪ್ರೀತಿಯಿಂದ ಚಾಚಿದ ಬೆರಳಿನಲ್ಲೂ ಘಾಟು ಇರಬಹುದೆಂಬ ಎಚ್ಚರ ಅವರನ್ನು ಜೀವಮಾನವಿಡೀ ನಲ್ಲಿಯಿಂದ ನಲ್ಲಿಗೆ ನಡೆಸುತ್ತದೆ. ಅಷ್ಟಾದರೂ ಅವರು ತಪ್ಪುತ್ತಾರೆ. ತಪ್ಪಿದರೆ ಮುಟ್ಟಿದ ಕಣ್ಣಿನ ಮನೆಯನ್ನು ಹುಡುಕಿಕೊಂಡು ನಡೆದುಹೋಗುತ್ತಾರೆ. ಇಂಥವರು ಹೋದಮೇಲೆ ಏನು ಬಿಟ್ಟುಹೋದರೆಂದು ಹುಡುಕಿದರೆ ಕೈಗೆ ಹೆಚ್ಚೇನೂ ಸಿಗಲಾರದು. ಅವರು ಮುಟ್ಟಿದ ಮಕ್ಕಳ ಕಣ್ಣು ಉರಿಯುವುದಿಲ್ಲ, ಅಷ್ಟೆ.